ಇರ್ಮೆಲಿಯ ನಗು

ಟ್ಯೂಬ್‌ಲೈಟು ಸಾವಿರ ದುಂಬಿ ನುಂಗಿದ ಹಾಗೆ ಗುಂಯ್‌ಗುಡತೊಡಗಿದ್ದೇ ತಡ, ವೆಯ್ಕೊ ಎರಡೂ ಕಿವಿ ಮುಚ್ಚಿಕೊಂಡ. ಅವನಿಗೆ ಆಟಿಸಂ ಎಂದು ಔಲು ಊರಿನ ಬೆಕ್ಕುಗಳಿಗೂ ಗೊತ್ತು. ಇವತ್ತು ಈ ಆಸ್ಪತ್ರೆಯಲ್ಲಿ ಪರೀಕ್ಷೆ ಅವನ ಅಕ್ಕ ಇರ್ಮೆಲಿಗೆ. ತನಗೂ ಅದೇ ಇದೆ ಎಂದು ಒಬ್ಬರಾದರೂ ಒಪ್ಪಲಿ ಎಂದು, ಐವತ್ತು ದಾಟಿದ ಮೇಲೆ ಬಂದಿದ್ದಳು.

“ನಿಮಗೇನೂ ಇಲ್ಲ ಬಿಡಿ,” ಎಂದರು ಡಾಕ್ಟರಮ್ಮ. “ಈ ಸದ್ದಲ್ಲೂ ಎಷ್ಟು ಚೆನ್ನಾಗಿ ನಗ್ತಾ ಕೂತಿದ್ದೀರಿ!”

“ಅವಳಿಗೆ ನನಗಿಂತ ಜಾಸ್ತಿ ಕೇಳ್ಸುತ್ತೆ,” ಎಂದ ವೆಯ್ಕೊ. “ಚಿಕ್ಕೋರಿದ್ದಾಗ ಇಬ್ರೂ ಕಿವಿ ಮುಚ್ಕೊಂಡ್ರೆ ಅಮ್ಮ ಅಕ್ಕನ ಕೈ ಮಾತ್ರ ಎಳೀತಿದ್ಲು. ಹೆಣ್ಣುಮಗು ನಗ್ತಾ ಇರ್ಬೇಕು ಅಂತ.”

ಡಾಕ್ಟರಮ್ಮ ಎದ್ದು ಹೋಗಿ ದೀಪ ಆರಿಸಿದರು. “ಇನ್ನು ನಗೋದು ಬೇಡ, ಇರ್ಮೆಲಿ.”

ಇರ್ಮೆಲಿಯ ಕಣ್ಣಿಂದ ನೀರು ಸುರಿಯಿತು. ತುಟಿಯ ಮೇಲಿನ ನಗು ಮಾತ್ರ ಹಾಗೇ ನಿಂತಿತ್ತು.

“ಇದನ್ನ ತೆಗೆಯೋದು ಹೇಗೋ?” ಎಂದು ತಮ್ಮನನ್ನು ಕೇಳಿದಳು.