ರುಚಿ ನೋಡದ ಸೂಪು

ಮೆಲ್ಬರ್ನಿನ ಬಾಕ್ಸ್ ಹಿಲ್‌ನ ಆ ಫ್ರೆಂಚ್ ಹೋಟೆಲಿನಲ್ಲಿ ಈರುಳ್ಳಿ ಸೂಪು ವಾಪಸು ಬಂದದ್ದನ್ನು ಯಾರೂ ಕಂಡಿರಲಿಲ್ಲ. ಅವತ್ತು ಮಧ್ಯಾಹ್ನ ಗಿರಾಕಿಯೊಬ್ಬರು ವಾಪಸು ಕಳಿಸಿದರು. ಅಡುಗೆಮನೆಯ ಸಹಾಯಕಿ ನೀಲಾಂಬಿಕಾ ಪಾತ್ರೆಯಲ್ಲಿ ಉಳಿದಿದ್ದನ್ನು ಒಂದು ಚಮಚ ಬಾಯಿಗಿಟ್ಟಳು. ಅಯ್ಯೋ ಶಿವನೇ, ಬರೀ ಉಪ್ಪು! ಮಾಡಿದವರು ಬೇರೆ ಯಾರೂ ಅಲ್ಲ, ಸ್ವತಃ ಒಡತಿ ಮದಾಮ್ ಸೋಲಾಂಜ್.

ಹೆಂಗಸರನ್ನು ಪಾತ್ರೆ ತಿಕ್ಕುವುದಕ್ಕಷ್ಟೇ ಒಳಗೆ ಬಿಡುತ್ತಿದ್ದ ಫ್ರಾನ್ಸಿನ ಲಿಯಾನಿನ ಅಡುಗೆಮನೆಗಳಿಗೆ ಸಡ್ಡು ಹೊಡೆದು, ಮೆಲ್ಬರ್ನಿಗೆ ಬಂದು, ತಮ್ಮ ಹೆಸರಿನದೇ ಬೋರ್ಡು ಹಾಕಿದ ಗಟ್ಟಿಗಿತ್ತಿ ಅವರು. ಸಿಡ್ನಿಯವರೆಗೂ ಎಷ್ಟೋ ಅಡುಗೆಯವರು ಅವರ ಬೈಗುಳ ತಿಂದೇ ಕೈ ಪಳಗಿಸಿಕೊಂಡವರು. "ರುಚಿ ನೋಡು!" ಎಂಬುದೊಂದೇ ಅವರ ವೇದ.

ಧಾರವಾಡದ ನೀಲಾಂಬಿಕಾ ಕೆಲಸಕ್ಕೆ ಸೇರಿದ ಹೊಸದರಲ್ಲಿ ಈ ಮಾತಿಗೇ ರಂಪವಾಗಿತ್ತು. ಬಡಿಸುವ ಮೊದಲೇ ಬಾಯಿಗಿಟ್ಟರೆ ಎಂಜಲಾಗುತ್ತದೆಂದು ಅವಳು ಹಟ ಹಿಡಿದಿದ್ದಳು. ಮದಾಮ್ ಸೌಟು ಬಿಸಾಕಿ ಕುಣಿದಾಡಿದ್ದರು. ಕಡೆಗೆ ಸೋತದ್ದು ನೀಲಾಂಬಿಕಾ; ರುಚಿ ನೋಡುವುದನ್ನು ಕಲಿತಳು. ಮದಾಮ್ ಕಲಿತದ್ದು 'ಎಂಜಲು' ಎಂಬ ಒಂದೇ ಒಂದು ಕನ್ನಡ ಮಾತು, ಅದೂ ಅವಳನ್ನು ಕಾಡಿಸುವುದಕ್ಕೆ.

ಈಗ ಅದೇ ಮದಾಮ್ ಸ್ಟೂಲಿನ ಮೇಲೆ ಕುಸಿದು ಕೂತರು. "ಜ್ವರ ಬಂದು ಹೋಯ್ತಲ್ಲ, ನಾಲಿಗೆ ಮೂಗು ಎರಡನ್ನೂ ಜೊತೆಗೇ ಕರ್ಕೊಂಡು ಹೋಯ್ತು. ಇನ್ನು ವಾಪಸ್ ಬರಲ್ಲ ಅಂದ್ರು ಡಾಕ್ಟ್ರು. ಹೋಟೆಲ್ ಕೊಳ್ಳೋಕೆ ಕೇಳ್ತಿದ್ದ ಸಿಡ್ನಿಯವರು ನಾಳೆ ಬರ್ತಾರೆ, ಅವರಿಗೇ ಮಾರಿಬಿಡ್ತೀನಿ. ರುಚಿ ಗೊತ್ತಾಗದ ಅಡುಗೆಯವಳು ಇದ್ದರೆಷ್ಟು, ಬಿಟ್ಟರೆಷ್ಟು?"

ನೀಲಾಂಬಿಕಾಗೆ ಪಾಪ ಎನಿಸಿತು. ಬೆನ್ನಿಗೇ ಸಿಟ್ಟೂ ಬಂತು. ಇಂಗ್ಲಿಷ್ ಆಡಿದರೂ ಅವಳ ಧಾಟಿ ಧಾರವಾಡದ್ದೇ.

"ಏನ್ ಮಾತಂತ ಆಡ್ತೀರಿ ಮದಾಮ್! ನಮ್ಮವ್ವ ದೇವರಿಗೆ ಎಡಿ ಹಿಡಿಯೋತನಕ ಒಂದಗಳು ಬಾಯಾಗ ಹಾಕ್ಕೋತಿರಲಿಲ್ಲ. ಆಕಿ ಅಡಿಗಿ ಎಂದರ ಕೆಟ್ಟೈತೇನು? ಕಣ್ಣದಾವ, ಕಿವಿ ಅದಾವ, ಕೈ ಐತಿ. ಏಳ್ರಿ ಮ್ಯಾಲೆ!"

ಹೊಸ ಪಾತ್ರೆ ಒಲೆಗೇರಿತು, ಹೆಚ್ಚಿದ ಈರುಳ್ಳಿ ಬೆಣ್ಣೆಗೆ ಬಿತ್ತು. ನೀಲಾಂಬಿಕಾ ಉಪ್ಪನ್ನು ಮದಾಮ್ ಅವರ ಅಂಗೈಗೇ ಸುರಿದಳು. "ಈ ತೂಕ ಕೈಗೆ ನೆನಪಿರ್ಲಿ. ಒಂದ ಸಲ ಹಾಕೋದು, ಮತ್ತ ಮುಟ್ಟಂಗಿಲ್ಲ. ಇನ್ನ ಕಣ್ಣು ಮುಚ್ಚಿ ಕೇಳ್ರಿ. ನೀರು ಇರೋತನಕ ಉಳ್ಳಾಗಡ್ಡಿ ಒದರ್ತೈತಿ. ಸಿಹಿ ಬಿಟ್ಟಮ್ಯಾಲೆ ತಾನ ಸುಮ್ಮನಾಗ್ತೈತಿ."

ಮದಾಮ್ ಉಪ್ಪು ಹಾಕಿ, ಕಣ್ಣು ಮುಚ್ಚಿ ನಿಂತರು. ಪಾತ್ರೆ ಚರಚರ ಎನ್ನುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ಆ ಗದ್ದಲ ತಗ್ಗಿ ಮೆಲ್ಲನೆಯ ಗೊಣಗಾಟವಾಯಿತು.

"ಈಗಲಾ?" ಎಂದರು.

"ನೀವ ಹೇಳ್ರಿ."

"ಈಗ!" ಮದಾಮ್ ಕಣ್ಣು ತೆರೆದರು. ಈರುಳ್ಳಿ ಜೇನಿನ ಬಣ್ಣಕ್ಕೆ ತಿರುಗಿತ್ತು. ಇಷ್ಟು ದಿನ ಕಿವಿಯನ್ನು ಎಲ್ಲಿಟ್ಟುಕೊಂಡಿದ್ದೆನೋ ಎಂದು ಅವರಿಗೆ ನಗು ಬಂತು, ಅಳುವೂ ಬಂತು. ತರಕಾರಿ ಬೇಯಿಸಿಟ್ಟ ರಸ ಸುರಿದು, ಕುದಿಯಲು ಬಿಟ್ಟು, ಅಲ್ಲೇ ನಿಂತು ಸಿಡ್ನಿಗೆ ಫೋನ್ ಹಚ್ಚಿದರು. "ನಾಳೆ ಖಂಡಿತಾ ಬನ್ನಿ. ಊಟಕ್ಕೆ ಮಾತ್ರ. ಮಾರೋ ವಿಚಾರ ಬಿಟ್ಟಿದ್ದೀನಿ."

ನೀಲಾಂಬಿಕಾ ಗಾಬರಿಯಿಂದ ಪಾತ್ರೆಯತ್ತ ನೋಡಿದಳು. ಗಿರಾಕಿಗೆ ಇನ್ನೂ ಸೂಪೇ ಹೋಗಿಲ್ಲ, ಇವರಾಗಲೇ ಮಾತು ಕೊಟ್ಟಾಯಿತಲ್ಲ! ಒಂದು ಹನಿಯ ರುಚಿಯನ್ನಾದರೂ ನೋಡಿಬಿಡೋಣವೆಂದು ಮೆಲ್ಲಗೆ ಚಮಚ ಅದ್ದಿದಳು.

ಪಟ್ಟನೆ ಕೈಮೇಲೆ ಏಟು ಬಿತ್ತು.

"ಎಂಜಲು!" ಎಂದು ಗದರಿದರು ಮದಾಮ್.