ನೂರು ರೂಪಾಯಿಯ ಇಂಜೆಕ್ಷನ್

ಚಾಮರಾಜಪೇಟೆಯ ಎಕ್ಸ್‌ರೇ ಕೋಣೆಯಲ್ಲಿ ಡಾಕ್ಟರು ಹಸಿ ಫಿಲ್ಮನ್ನು ಬೆಳಕಿಗೆ ಹಿಡಿದರು. ನಡುವೆ ಬೆನ್ನೆಲುಬು ಕಾಣುತ್ತಿತ್ತು. ಇಂಜೆಕ್ಷನ್ ಕೊಟ್ಟ ಮೇಲೆ ಬೆಳ್ಳಗೆ ಮೂಡಬೇಕಿದ್ದ ಕಿಡ್ನಿಗಳು ಎರಡೂ ಬದಿಯಲ್ಲಿ ಕಾಣಲಿಲ್ಲ.

“ಇಂಜೆಕ್ಷನ್ ಸರಿಯಿಲ್ಲ ಸಾರ್,” ಎಂದ, ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿ ರುದ್ರಪ್ಪ. “ಮೆಡಿಕಲ್ ಶಾಪಿನವನು ನೂರಿಪ್ಪತ್ತು ಹೇಳ್ದ. ನಾನೇ ಚೌಕಾಸಿ ಮಾಡಿ ನೂರಕ್ಕೆ ಇಳಿಸ್ದೆ. ಅದಕ್ಕೇ ಹಳೇ ಮಾಲು ದಾಟಿಸಿದಾನೆ. ಈಗ್ಲೇ ಹೋಗಿ ಪೂರ್ತಿ ದುಡ್ಡು ಕೊಟ್ಟು ಒಳ್ಳೇದು ತರ್ತೀನಿ.”

“ಔಷಧಿ ಚೆನ್ನಾಗೇ ಇದೆ ರುದ್ರಪ್ಪನವರೇ. ನಿಮ್ಮ ಮನೆಯವರ ಕಿಡ್ನಿ ಅದನ್ನ ತಗೊಳ್ತಿಲ್ಲ. ಎರಡೂ.”

ಪರದೆಯಾಚೆ ಹೆಂಡತಿ ಸೀರೆ ಸರಿಪಡಿಸಿಕೊಳ್ಳುವ ಸದ್ದು ಕೇಳಿಸಿತು. ರುದ್ರಪ್ಪ ದನಿ ತಗ್ಗಿಸಿದ.

“ಇನ್ನೂರು ಕೊಟ್ಟು ತಂದ್ರೆ?”

ಡಾಕ್ಟರು ಫಿಲ್ಮನ್ನು ಕೆಳಗಿಟ್ಟರು.

“ಮುನ್ನೂರು?”