ಅಂಗೈಯಲ್ಲೊಂದು ಕೂಗು

"ಇಲ್ಲ ಅಂದ್ರೆ ಇಲ್ಲ," ಎಂದು ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. "ಮೂರು ಬೇಸಿಗೆಯಿಂದ ಒಂದು ಕೂಗೂ ಇಲ್ಲ. ಜೀರುಂಡೆ ಈ ತೋಪಿನಿಂದ ಅಳಿದುಹೋಗಿದೆ ಅಂತ ವರದಿಯಲ್ಲಿ ಬರೆದುಬಿಡ್ತೀನಿ."

ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದ ಹೆಂಡತಿ ತಲೆಯೆತ್ತಿದಳು. ಹೊಳೆದಂಡೆಯ ಈ ಮರಗಳನ್ನು ಬಿಟ್ಟರೆ ಆ ಹಸಿರು ರೆಕ್ಕೆಯ ಜೀರುಂಡೆಗೆ ಬೇರೆ ನೆಲೆಯಿಲ್ಲ. ಅಳಿದಿದೆ ಎಂದು ಬರೆದುಕೊಟ್ಟರೆ ಇಲ್ಲಿ ರಸ್ತೆ ಹಾಕಲು ಕಾದಿರುವವರು ನಾಳೆಯೇ ಗರಗಸ ಹಿಡಿದು ಬರುತ್ತಾರೆ. ಆದರೆ ಅವಳ ಕಿವಿಗೆ ಈಗ, ಈ ಗಳಿಗೆಯಲ್ಲಿ, ಚಾಕುವಿಗೆ ಸಾಣೆ ಹಿಡಿದ ಹಾಗೆ ಸದ್ದು ಬಡಿಯುತ್ತಿತ್ತು.

"ರೀ, ಕೂಗ್ತಾ ಇದೆ."

"ನಿನ್ನ ತಲೆಯೊಳಗೆ ಕೂಗ್ತಿರಬೇಕು. ಮೂವತ್ತು ವರ್ಷ ಪಳಗಿದ ಕಿವಿ ಕಣೇ ಇದು, ಇದಕ್ಕೆ ಪಾಠ ಹೇಳ್ತೀಯಾ?"

ಮೂವತ್ತು ವರ್ಷ ಅವಳೂ ಬುತ್ತಿ ಹೊತ್ತು, ಹುಳುಗಳ ಡಬ್ಬಿಗಳಿಗೆ ಚೀಟಿ ಅಂಟಿಸುತ್ತ ಜೊತೆಗೆ ಅಲೆದವಳೇ. ಮಂಡಿನೋವು ಹಿಡಿದುಕೊಂಡು ಈಚಿನ ಮೂರು ಬೇಸಿಗೆ ಮಾತ್ರ ಬಂದಿರಲಿಲ್ಲ. ಮನೆಗೆ ಬಂದವರೆದುರು ಮೇಷ್ಟ್ರದು ಒಂದೇ ಹಾಸ್ಯ: "ಗಂಡು ಜೀರುಂಡೆ ಪುಣ್ಯವಂತ. ಹೆಂಡತಿಗೆ ದನಿಯೇ ಇಲ್ಲ!" ಅವಳೂ ಎಲ್ಲರ ಜೊತೆ ನಗುತ್ತಿದ್ದಳು. ನಕ್ಕು ನಕ್ಕು ಸಾಕಾಗಿತ್ತು.

ಲೋಟ ಕೆಳಗಿಟ್ಟು, ಕಣ್ಣು ಮುಚ್ಚಿ ಸದ್ದಿನ ಜಾಡು ಹಿಡಿದು ನಡೆದಳು. ಹತ್ತಿರವಾದಂತೆ ಸದ್ದು ಗಪ್ಪಾಯಿತು. ಕಾಲಿಗೆ ಇರುವೆ ಹತ್ತಿದರೂ ಅಲುಗದೆ ನಿಂತಳು. ಮತ್ತೆ ಕೂಗಿದ್ದೇ ತಡ, ಕಾಂಡಕ್ಕೆ ಕೈ ಹಾಕಿದಳು.

ಮುಷ್ಟಿಯೊಳಗಿನ ಜೀವ ಕಿರುಚಿದ ರಭಸಕ್ಕೆ ಕೊಂಬೆಯ ಹಕ್ಕಿ ಬೆದರಿ ಹಾರಿತು. ಮೇಷ್ಟ್ರು ಮಾತ್ರ ಹುಬ್ಬೇರಿಸಿ ಕೇಳಿದರು: "ಏನೇ ಅದು, ಕೈಯಲ್ಲಿ?"

ಅಲಾರಂ ಎಷ್ಟು ಬಡಿದುಕೊಂಡರೂ ಇವರು ಈಚೆಗೆ ಏಕೆ ಏಳುವುದಿಲ್ಲವೆಂದು ಅವಳಿಗೆ ಆಗ ಹೊಳೆಯಿತು: ಮಾತು ಕೇಳುವ ಆ ಕಿವಿಗೆ ಕೀರಲು ಸದ್ದು ಮಾತ್ರ ಮುಟ್ಟುತ್ತಿಲ್ಲ. ಹುಳುವನ್ನು ಅವರ ಅಂಗೈಯಲ್ಲಿಟ್ಟು, ಬೆರಳು ಮಡಿಸಿ ಹಿಡಿದಳು.

ಹುಳುವಿನ ಮೈ ಅವರ ಅಂಗೈಗೆ ಜುಮ್ಮೆಂದು ಅದುರಿತು.

"ಇದು... ಕೂಗ್ತಿದೆಯಾ?"

"ಕಿವಿ ಹರಿದುಹೋಗೋ ಹಾಗೆ."

ಮೇಷ್ಟ್ರು ಮುಷ್ಟಿಯನ್ನು ಒಂದು ಕಿವಿಗೆ, ಮತ್ತೆ ಇನ್ನೊಂದು ಕಿವಿಗೆ ಒತ್ತಿ ಹಿಡಿದರು. ಆಮೇಲೆ ಮೆಲ್ಲಗೆ ಬಿಡಿಸಿದರು. ಹಸಿರು ರೆಕ್ಕೆ ಮಿಂಚಿ ಎಲೆಗಳಲ್ಲಿ ಮರೆಯಾಯಿತು. ವರದಿಯ ಹಾಳೆಯನ್ನೂ ಪೆನ್ನನ್ನೂ ಅವಳ ಮುಂದೆ ಹಿಡಿದರು.

"ದನಿ ಕೇಳಿದವರು ಅಂತ ಇದೆಯಲ್ಲ, ಅಲ್ಲಿ ನಿನ್ನ ಹೆಸರು ಬರಿ."

ಅವಳು ಅಕ್ಷರ ಅಕ್ಷರ ಬಿಡಿಸಿ, ಪೂರ್ತಿ ಹೆಸರು ಬರೆದಳು.

"ಒಟ್ಟು ಎಷ್ಟು ಕೂಗ್ತಿವೆ?"

"ತಡೀರಿ. ಮಾತಾಡಬೇಡಿ," ಎಂದು ಅವಳು ಕಣ್ಣು ಮುಚ್ಚಿದಳು.

ಮೂವತ್ತು ವರ್ಷದಲ್ಲಿ ಮೊದಲ ಸಲ ಮೇಷ್ಟ್ರು ಉಸಿರು ಬಿಗಿಹಿಡಿದು, ಅವಳ ಬಾಯನ್ನೇ ನೋಡುತ್ತ ನಿಂತರು.